ಕಾಟಾದೊಳಗಿನ ಐದನೆಯ ತಂತಿ

ನನಗೆ ಅನುಮಾನ ಜಾಸ್ತಿ ಎಂದು ಮನೆಯವರೂ ಹೇಳುತ್ತಾರೆ, ಓಣಿಯವರೂ ಹೇಳುತ್ತಾರೆ. ಹೇಳಲಿ. ಗ್ಯಾಸಿನ ಸಿಲಿಂಡರ್ ಬಂದರೆ ಎತ್ತಿ ನೋಡದೆ ಒಳಗೆ ಬಿಡುವವಳಲ್ಲ ನಾನು. ಹಾಲಿನವನ ಲೀಟರಿನ ತಳಕ್ಕೆ ಬೆರಳು ಹಾಕಿ ನೆಗ್ಗು ಇದೆಯೇ ಎಂದು ತಡವುತ್ತೇನೆ. ಬಟ್ಟೆ ಅಂಗಡಿಯವನು ಮೀಟರ್ ಕೋಲಿನ ಯಾವ ತುದಿಯಲ್ಲಿ ಹೆಬ್ಬೆರಳು ಒತ್ತುತ್ತಾನೆ ಎಂಬುದರ ಮೇಲೆಯೇ ನನ್ನ ಕಣ್ಣು. ತೂಕದ ಅಂಗಡಿಯಲ್ಲಿ ಹುಟ್ಟಿ ಬೆಳೆದವರು ಹೀಗೆಯೇ ಇರುತ್ತಾರೆ. ನಮ್ಮ ಕಡೆ ತಕ್ಕಡಿಗೂ ಕಾಟಾ ಎನ್ನುತ್ತಾರೆ, ಈಗಿನ ಕರೆಂಟಿನ ತೂಕದ ಯಂತ್ರಕ್ಕೂ ಕಾಟಾ ಎನ್ನುತ್ತಾರೆ. ಕಾಟಾದ ಈಚೆ ಕೂತವರಿಗೆ ಆಚೆ ನಿಂತವರ ಕಣ್ಣು ಎಲ್ಲಿರುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಇಷ್ಟೆಲ್ಲ ಅನುಮಾನದ ನಾನು ಒಬ್ಬರನ್ನು ಮಾತ್ರ ಯಾವತ್ತೂ ಸಂಶಯದಿಂದ ನೋಡಿರಲಿಲ್ಲ. ಅವರು ನಮ್ಮಪ್ಪ. ಹೋದ ವರ್ಷ ದಸರೆ ಮುಗಿದ ಮೇಲೆ ಅದೂ ಆಯಿತು.

ನಮ್ಮದು ಸವಣೂರಿನಲ್ಲಿ ಖಾರಾದ ಅಂಗಡಿ. ಹಿಂದಿನ ಕೋಣೆಯಲ್ಲಿ ಸೇವು, ಶೇಂಗಾ, ಕಡಲೆ ಕರಿಯುವುದು, ಮುಂದೆ ಕೂತು ಮಾರುವುದು. ಮದುವೆಯಾಗಿ ಹಾನಗಲ್ಲಿಗೆ ಹೋಗಿದ್ದ ನಾನು ಹದಿನಾರು ವರ್ಷದ ಮೇಲೆ ಗಂಡನ ಜೊತೆ ತಿರುಗಿ ಬಂದು, ಅಪ್ಪನ ಕೈ ನಡುಗತೊಡಗಿದ ಮೇಲೆ ಅಂಗಡಿಯ ಗಲ್ಲೆಗೆ ಕೂತೆ. ಅಪ್ಪ ಈಗಲೂ ದಿನಾ ಬರುತ್ತಾರೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಾರೆ. ‘ಇವರ ಅಂಗಡಿ ತೂಕಕ್ಕೆ ಎರಡು ಮಾತಿಲ್ಲ’ ಎಂದು ಯಾರಾದರೂ ಹೇಳಿದರೆ ಪೇಪರಿನ ಹಿಂದೆಯೇ ಒಂದಿಷ್ಟು ಕೆಮ್ಮುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಎದೆ ಉಬ್ಬುತ್ತಿತ್ತು. ಅಪ್ಪ ಬಿಟ್ಟುಹೋಗುವ ಆಸ್ತಿ ಅದೊಂದೇ ಎಂದು ನಾನು ತಿಳಿದಿದ್ದೆ.

ದಸರೆ ಕಳೆದ ವಾರ ಗುಡುಗು ಮಳೆಯಲ್ಲಿ ಕರೆಂಟು ಹೆಚ್ಚುಕಮ್ಮಿಯಾಗಿ ಗಲ್ಲೆಯ ಮೇಲಿನ ಕಾಟಾ ಸುಟ್ಟುಹೋಯಿತು. ಬಿಚ್ಚಿ ನೋಡಿದರೆ ಒಳಗಿನ ಹಸಿರು ಬೋರ್ಡಿನ ಅರ್ಧ ಭಾಗ ಕರ್ರಗಾಗಿತ್ತು. ಅಟ್ಟದ ಮೇಲೆ ಅಂಥದ್ದೇ ಇನ್ನೊಂದು ಇರುವುದು ನನಗೆ ನೆನಪಿತ್ತು. ನಾನು ಹಾನಗಲ್ಲಿನಲ್ಲಿದ್ದಾಗ ಅಪ್ಪ ಒಂದೇ ದಿನ ಎರಡು ಕಾಟಾ ತಂದಿದ್ದರಂತೆ, ಒಂದೇ ಬಣ್ಣ, ಒಂದೇ ಅಳತೆ. ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಅದನ್ನು ಇಳಿಸಿ ಕರೆಂಟು ಕೊಟ್ಟೆ. ದೀಪ ಹತ್ತಿತು, ಸೊನ್ನೆ ಬಂತು. ಮೇಲೆ ಏನಿಟ್ಟರೂ ಸೊನ್ನೆಯೇ. ಮಗುಚಿ ನೋಡಿದರೆ ಇಲಿ ತಂತಿ ಕಡಿದಿತ್ತು.

ಅಪ್ಪ ಪೇಪರು ಮಡಚಿ, "ಬ್ಯಾಡವಾ, ಅದನ್ನ ತಿರಗ ಮ್ಯಾಲ ಇಡು. ಹೊಸಾದು ತರೂಣು" ಎಂದರು.

"ನಾಕ ತಂತಿ ಹರದಾವ ಅಷ್ಟ, ಅಪ್ಪಾ. ಅದಕ್ಯಾಕ ಹೊಸಾದು?"

"ಹೇಳಿದಷ್ಟು ಕೇಳು. ಹೊಸಾದು ತರೂಣು."

ನನಗೆ ಅಲ್ಲಿಯೇ ಅನುಮಾನ ಬರಬೇಕಿತ್ತು. ಕಡ್ಡಿ ಮುರಿದ ಕೊಡೆಗೆ ಸೈಕಲ್ಲಿನ ಕಡ್ಡಿ ಹಾಕಿಸಿ ಹಿಡಿಯುವ ಮನುಷ್ಯ ಹೊಸದು ತರೋಣ ಎನ್ನುವುದೆಂದರೇನು? ಆದರೆ ಅಪ್ಪನ ವಿಷಯಕ್ಕೆ ನನ್ನ ಬುದ್ಧಿ ಓಡುತ್ತಿರಲಿಲ್ಲ. ವಯಸ್ಸಾಯಿತು, ಗದ್ದಲ ಬೇಡವಾಗಿದೆ ಎಂದುಕೊಂಡೆ. ಮರುದಿನ ಅವರಿಗೆ ಹೇಳದೆ ಕಾಟಾ ಚೀಲದಲ್ಲಿ ಹಾಕಿಕೊಂಡು ಶಿಗ್ಗಾಂವಿಯ ಬಸ್ಸು ಹತ್ತಿದೆ.

ಶಿಗ್ಗಾಂವಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಮಿಕ್ಸರು, ಟೀವಿ, ಕಾಟಾ ಎಲ್ಲ ರಿಪೇರಿ ಮಾಡುವ ಒಬ್ಬನಿದ್ದಾನೆ. ನಾಲ್ಕು ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿ, ಒಳಗೆ ಇಣುಕಿದ. ಚಷ್ಮಾ ಹಣೆಗೇರಿಸಿ ಮತ್ತೊಮ್ಮೆ ಇಣುಕಿದ. ಆಮೇಲೆ ನನ್ನ ಮುಖ ನೋಡಿದ.

"ಇದು ಯಾರ ಅಂಗಡೀದ್ರಿ, ಅಕ್ಕಾರ?"

"ನಮ್ದ. ಸವಣೂರು."

ಅವನು ಮುಚ್ಚಳ ಮುಚ್ಚಿ ನಾಲ್ಕೂ ಸ್ಕ್ರೂ ತಿರುಗಿ ಬಿಗಿದ. "ನಾ ಇದಕ್ಕ ಕೈ ಹಚ್ಚಂಗಿಲ್ಲ ಬಿಡ್ರಿ" ಎಂದ.

ಹೊಸದನ್ನು ಮಾರಲು ಹೂಡಿದ ಆಟ ಎಂದು ನನಗೆ ಸಿಟ್ಟೇ ಬಂತು. ತಂತಿ ಕೂಡಿಸಲು ಬಾರದಿದ್ದರೆ ಬೋರ್ಡು ಯಾಕೆ ಹಾಕಿಕೊಂಡಿದ್ದೀ ಎಂದು ಕೇಳಿಯೂಬಿಟ್ಟೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. "ತಂತಿ ಕೂಡ್ಸೋದೇನ ದೊಡ್ಡ ವಿದ್ಯಾ ಅಲ್ರಿ. ನೀವ ಕೂಡಿಸ್ಕೋರಿ" ಎಂದು ಒಂದು ಹಳೆಯ ಕರೆಂಟಿನ ಬೆಸುಗೆ ಕಡ್ಡಿ, ಮೊಳದಷ್ಟು ಸೀಸದ ತಂತಿ, ಡಬ್ಬಿಯ ಮುಚ್ಚಳದಲ್ಲಿ ಒಂದಿಷ್ಟು ಪೇಸ್ಟು ಕೊಟ್ಟ. "ತಂತೀನೂ ಕಾಯ್ಬೇಕು, ಬೋರ್ಡಿನ ಮ್ಯಾಲಿನ ಚುಕ್ಕೀನೂ ಕಾಯ್ಬೇಕು. ಎರಡೂ ಕಾದ ಮ್ಯಾಲೆ ಸೀಸ ಮುಟ್ಟಿಸ್ರಿ. ಕೆಲ್ಸ ಮುಗದ ಮ್ಯಾಲೆ ಕಡ್ಡಿ ತಂದ ಕೊಡ್ರಿ. ಮತ್ತ ಸರ್ಕಾರಿ ಮುದ್ರಿ ಮಾಡಿಸ್ದ ಯಾಪಾರಕ್ಕ ಹಚ್ಚಬ್ಯಾಡ್ರಿ, ಅಷ್ಟ ನೋಡ್ರಿ."

ಬಂದ ಗಿರಾಕಿಯನ್ನು ತನ್ನ ಸಾಮಾನನ್ನೇ ಕೊಟ್ಟು ಸಾಗಹಾಕುವ ರಿಪೇರಿಯವನನ್ನು ನಾನು ಕಂಡಿರಲಿಲ್ಲ. ಬಸ್ಸಿನಲ್ಲಿ ಸವಣೂರು ಬರುವವರೆಗೂ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ, ಎಲ್ಲಿಯಾದರೂ ಒಡೆದಿದೆಯೇ, ಶಾಕ್ ಹೊಡೆಯುತ್ತದೆಯೇ ಎಂದು. ಬಿಟ್ಟಿ ಬಂದ ಸಾಮಾನನ್ನು ನಂಬಿ ಅಭ್ಯಾಸವಿಲ್ಲ.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ, ಅಪ್ಪ ಮನೆಗೆ ಹೋಗಿ ಮಲಗಿರುತ್ತಾರೆ. ಆ ಹೊತ್ತಿಗೆ ಕೆಲಸ ಇಟ್ಟುಕೊಂಡೆ. ಮೊದಲ ದಿನ ಗಾಳಿಗಿರಲಿ ಎಂದು ಶಟರು ಅರ್ಧ ತೆಗೆದಿದ್ದೆ. ಎದುರಿನ ವೀಳ್ಯದೆಲೆಯವನು ಬಗ್ಗಿ ನೋಡಿ, "ಏನಕ್ಕಾ, ಕಾಟಾ ಬಿಚ್ಚಾಕತ್ತಿಯಲ್ಲ?" ಎಂದು ನಕ್ಕ. ಎಲೆ ಎಣಿಸಿ ಮಾರುವವನಿಗೆ ಕಾಟಾದ ತಂಟೆಯಿಲ್ಲ, ನಗಬಹುದು. ತೂಕದ ವ್ಯಾಪಾರದವಳು ಕಾಟಾದ ಹೊಟ್ಟೆ ಬಿಚ್ಚಿ ಕೂತಿದ್ದಾಳೆ ಎಂಬ ಸುದ್ದಿ ಸಂಜೆಯೊಳಗೆ ಪೇಟೆ ಸುತ್ತುತ್ತದೆ. ಶಟರು ಪೂರ್ತಿ ಇಳಿಸಿದೆ. ಇಳಿಸಿದ ಮೇಲೆ, ಮುಚ್ಚಿಕೊಂಡು ಏನು ಮಾಡುತ್ತಿದ್ದಾಳೆ ಎಂದು ಇನ್ನೂ ಹೆಚ್ಚು ಅನುಮಾನ ಪಡುತ್ತಾರಲ್ಲ ಎಂದು ಮತ್ತೆ ಗೇಣುದ್ದ ಎತ್ತಿದೆ.

ತಂತಿಗಳು ನಾಲ್ಕು. ಕೆಂಪು, ಕರಿ, ಹಸಿರು, ಬಿಳಿ. ತೂಕ ಹೊರುವ ಲೋಹದ ಪಟ್ಟಿಯಿಂದ ಹೊರಟು ಬೋರ್ಡಿನ ನಾಲ್ಕು ಚುಕ್ಕೆಗಳಿಗೆ ಮುಟ್ಟಬೇಕು. ಒಂದೊಂದು ತಂತಿ ಶಾವಿಗೆಗಿಂತ ಸಣ್ಣದು. ಮೇಲಿನ ಬಣ್ಣದ ಸಿಪ್ಪೆ ಸುಲಿದರೆ ಒಳಗೆ ಕೂದಲಿನಂಥ ಏಳೆಂಟು ಎಳೆ. ಚುಕ್ಕೆಗಳೋ, ಎಳ್ಳಿನ ಕಾಳಿನಷ್ಟು. ಒಂದರ ಪಕ್ಕ ಒಂದು, ನಡುವೆ ಉಗುರು ಹೋಗದಷ್ಟು ಜಾಗ. ಹಲ್ಲಿನಿಂದ ಸಿಪ್ಪೆ ಕಚ್ಚಿ ಎಳೆದೆ, ಸಿಪ್ಪೆಯ ಜೊತೆ ಎಳೆಗಳೂ ಬಂದವು. ಬ್ಲೇಡಿನಿಂದ ಕೆರೆದೆ, ತಂತಿಯೇ ತುಂಡಾಯಿತು. ಹೀಗೆ ಕಚ್ಚುತ್ತ ಕೊಯ್ಯುತ್ತ ಹೋದರೆ ಇಲಿಗೂ ನನಗೂ ಏನು ಫರಕು ಎನಿಸಿತು. ಕಡೆಗೆ ಕಾದ ಕಡ್ಡಿಯನ್ನು ಸಿಪ್ಪೆಗೆ ಒಂದಿಷ್ಟು ತಾಗಿಸಿ ಎಳೆದರೆ ಬೆಣ್ಣೆಯಂತೆ ಜಾರಿ ಬರುತ್ತದೆ ಎಂಬುದು ಕೈತಪ್ಪಿಯೇ ಗೊತ್ತಾಯಿತು.

ಸೀಸ ಹಿಡಿಯಲೇ ಒಲ್ಲದು. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದರೆ ಗುಳ್ಳೆ ಓಡಾಡುತ್ತದಲ್ಲ, ಹಾಗೆ ಉಂಡೆಯಾಗಿ ಕಡ್ಡಿಯ ತುದಿಯಲ್ಲಿ ಸುತ್ತಾಡಿ ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ಬಿದ್ದಿತು. ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಸೀಸ. ತಂತಿ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಆಗ ನನಗೆ ಒಂದು ಜಾಣತನ ಹೊಳೆಯಿತು. ಹಣೆಗೆ ಕುಂಕುಮ ನಿಲ್ಲಲಿ ಎಂದು ನಾವು ಮೊದಲು ಮೇಣ ಹಚ್ಚಿಕೊಳ್ಳುತ್ತೇವೆ. ಕುಂಕುಮ ನಿಲ್ಲಿಸುವ ಮೇಣ ತಂತಿಯನ್ನು ನಿಲ್ಲಿಸಲಾರದೇ? ಮೇಣದ ಕರಡಿಗೆ ತಂದು ನಾಲ್ಕೂ ಚುಕ್ಕೆಗೆ ಮೇಣ ಒತ್ತಿ ತಂತಿ ಅಂಟಿಸಿದೆ. ನೋಡಲು ಎಷ್ಟು ಚಂದ ನಿಂತವು. ಕಡ್ಡಿ ಹತ್ತಿರ ತಂದದ್ದೇ ಮೇಣ ಕರಗಿ ನೀರಾಗಿ, ನಾಲ್ಕೂ ತಂತಿ ತೇಲಿಕೊಂಡು ಹೋದವು. ಮೇಣಕ್ಕೆ ಬೆರೆತಿದ್ದ ಕುಂಕುಮವೆಲ್ಲ ಬೋರ್ಡಿಗೆ ಹರಡಿ ನಾಲ್ಕು ಚುಕ್ಕೆಗಳೂ ಮುತ್ತೈದೆಯರಾದವು. ಬೆಂಕಿಯ ಕೆಲಸಕ್ಕೆ ಮೇಣ ಹಚ್ಚಿದ ಬುದ್ಧಿವಂತೆ ನಾನೊಬ್ಬಳೇ ಇರಬೇಕು. ಅದನ್ನು ಒರೆಸುವುದರಲ್ಲಿ ಆ ದಿನದ ಮಧ್ಯಾಹ್ನ ಮುಗಿಯಿತು.

ಮರುದಿನ ಬೇರೆ ದಾರಿ ಹಿಡಿದೆ. ಬೋರ್ಡನ್ನು ರೊಟ್ಟಿಯ ಮಣೆಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಬಿಗಿದೆ. ಒಂದೊಂದು ತಂತಿಯನ್ನೂ ಒಂದೊಂದು ಕ್ಲಿಪ್ಪಿಗೆ ಕಚ್ಚಿಸಿದೆ. ಮೊದಲು ಚುಕ್ಕೆಗಳಿಗೆ ಪೇಸ್ಟು ಮುಟ್ಟಿಸಿ ಒಂದೊಂದು ಹನಿ ಸೀಸ ಕೂರಿಸಿದೆ. ಆಮೇಲೆ ತಂತಿಯ ತುದಿಗಳಿಗೆ ಬೇರೆಯಾಗಿ ಸೀಸ ಕುಡಿಸಿದೆ. ಎರಡನ್ನೂ ಹತ್ತಿರ ತಂದು, ಅಪ್ಪ ಪೇಪರು ಓದುವ ಭೂತಗನ್ನಡಿಯನ್ನು ಡಬ್ಬಿಗೆ ಒರಗಿಸಿಟ್ಟು ನೋಡುತ್ತ, ಬರಿಯ ಕಡ್ಡಿಯನ್ನು ಉಸಿರು ಬಿಗಿಹಿಡಿದು ಮುಟ್ಟಿಸಿದೆ. ಎರಡು ಹನಿಗಳೂ ಹೊಳೆದು, ಒಂದಕ್ಕೊಂದು ಹರಿದು, ಒಂದಾದವು. ಎಳೆದು ನೋಡಿದೆ, ಬರಲಿಲ್ಲ. ಅನುಮಾನ ಹೋಗದೆ ಮತ್ತೊಮ್ಮೆ ಎಳೆದೆ. ಆಗಲೂ ಬರಲಿಲ್ಲ. ಇಷ್ಟು ಸಂತೋಷ ನನಗೆ ಮೊದಲ ಸಲ ರೊಟ್ಟಿ ಉಬ್ಬಿದಾಗ ಆಗಿತ್ತು.

ನಾಲ್ಕೂ ಕೂಡಿಸಿ ಕರೆಂಟು ಕೊಟ್ಟು ಹಳೆಯ ತಕ್ಕಡಿಯ ಒಂದು ಕೆಜಿಯ ಕಬ್ಬಿಣದ ಕಲ್ಲು ಇಟ್ಟರೆ ಅಂಕಿಯ ಮುಂದೆ ಮೈನಸ್ ಗೀಟು ಬಂತು. ತೂಕ ಇಟ್ಟಷ್ಟೂ ಸೊನ್ನೆಗಿಂತ ಕೆಳಗೆ ಹೋಗುವ ಕಾಟಾ! ಹಸಿರು, ಬಿಳಿ ಅದಲುಬದಲಾಗಿದ್ದವು. ಬಿಡಿಸಿ ತಿರುಗಿ ಕೂಡಿಸಿದೆ. ಗೀಟು ಹೋಯಿತು. ಆದರೆ ಒಂದು ಕೆಜಿಯ ಕಲ್ಲಿಗೆ ಒಂಬೈನೂರ ಎಪ್ಪತ್ತು ಗ್ರಾಂ ತೋರಿಸಿತು. ಎರಡು ಕೆಜಿ ಇಟ್ಟೆ, ಅರವತ್ತು ಗ್ರಾಂ ಕಡಿಮೆ. ನನ್ನ ಬೆಸುಗೆಯೇ ಸೋತಿದೆ ಎಂದು ನಾಲ್ಕನ್ನೂ ಮತ್ತೆ ಕಾಯಿಸಿ ಕೂರಿಸಿದೆ. ಆಗಲೂ ಅಷ್ಟೇ. ಬೆಸುಗೆ ಕೆಟ್ಟಿದ್ದರೆ ಅಂಕಿ ಕುಣಿಯಬೇಕು. ಇದು ಪ್ರತಿ ಸಲವೂ ಅಳೆದಂತೆ ಅಷ್ಟನ್ನೇ ನುಂಗುತ್ತಿತ್ತು.

ಸುಟ್ಟ ಕಾಟಾದ ಬೋರ್ಡನ್ನು ತಂದು ಪಕ್ಕದಲ್ಲಿಟ್ಟು, ಭೂತಗನ್ನಡಿ ಹಿಡಿದು, ಒಂದೊಂದೇ ಜಾಗ ಹೋಲಿಸುತ್ತ ಬಂದೆ. ಹಸಿರು, ಬಿಳಿ ತಂತಿ ಸೇರುವ ಚುಕ್ಕೆಗಳ ಕೆಳಗೆ, ಒಂದು ಹನಿ ಅಂಟಿನ ಅಡಿಯಲ್ಲಿ, ಅಕ್ಕಿಯ ನುಚ್ಚಿನಷ್ಟು ಒಂದು ತುಣುಕು ಕೂತಿತ್ತು. ಅದರಿಂದ ಹೊರಟ ಕೂದಲಿನಂಥ ತಂತಿ ಆಚೆಯ ಚುಕ್ಕೆಗೆ ಸೇರಿತ್ತು. ಸುಟ್ಟ ಬೋರ್ಡಿನಲ್ಲಿ ಅಂಥದ್ದು ಇರಲಿಲ್ಲ. ನಾಲ್ಕು ಇರಬೇಕಾದಲ್ಲಿ ಐದನೆಯದು. ಇಟ್ಟವನ ಕೈ ನನ್ನ ಕೈಯಂತಲ್ಲ, ಪಳಗಿದ ಕೈ. ಉಗುರು ಕತ್ತರಿಯಿಂದ ಆ ಕೂದಲನ್ನು ಕತ್ತರಿಸಿ ಕಲ್ಲು ಇಟ್ಟೆ. ಸರಿಯಾಗಿ ಒಂದು ಕೆಜಿ. ಚಿಮಟಿಗೆಯಿಂದ ಕೂದಲನ್ನು ತಿರುಗಿ ಮುಟ್ಟಿಸಿ ಹಿಡಿದೆ. ಒಂಬೈನೂರ ಎಪ್ಪತ್ತು. ಬಿಟ್ಟೆ, ಒಂದು ಕೆಜಿ.

ಶಿಗ್ಗಾಂವಿಯವನು ಮುಚ್ಚಳ ಎತ್ತಿ ಏನು ನೋಡಿದ, ಯಾಕೆ ನನ್ನ ಮುಖ ನೋಡಿದ ಎಂಬುದು ಆಗ ಹೊಳೆಯಿತು. ಅವನು ನನ್ನನ್ನು ಏನೆಂದು ತಿಳಿದಿರಬೇಕು! ‘ಹೊಸಾದು ತರೂಣು’ ಎಂದ ಅಪ್ಪನ ಮಾತೂ ಕಿವಿಗೆ ಬಂತು. ಕಾಟಾ ಮಾರಿದವನು ಮಾಡಿದ್ದಿರಬೇಕು, ಮೊದಲು ರಿಪೇರಿ ಮಾಡಿದವನ ಕೆಲಸವಿರಬೇಕು ಎಂದು ಹೆಸರು ಹುಡುಕಿದೆ. ಊರಿನ ಎಲ್ಲರ ಮೇಲೂ ಅಷ್ಟು ಸುಲಭವಾಗಿ ಬರುತ್ತಿದ್ದ ಅನುಮಾನ ಆ ಮಧ್ಯಾಹ್ನ ಯಾರ ಮೇಲೂ ನಿಲ್ಲಲಿಲ್ಲ. ಸುತ್ತಿ ಸುತ್ತಿ ಬಾಗಿಲ ಪಕ್ಕದ ಖಾಲಿ ಕುರ್ಚಿಯ ಹತ್ತಿರವೇ ಬಂದು ನಿಲ್ಲುತ್ತಿತ್ತು. ಅಪ್ಪ ಮೋಸ ಮಾಡಿದ್ದರೇ? ನನಗೆ ಅಳು ಬಂತು.

ಅತ್ತು ಮುಗಿದ ಮೇಲೆ ಲೆಕ್ಕ ಹೊಳೆಯಿತು. ತಡಿ, ಇದು ಕಡಿಮೆ ತೋರಿಸುತ್ತದೆ. ಗಿರಾಕಿಗೆ ಒಂದು ಕೆಜಿ ಖಾರಾ ಕೊಡಬೇಕಾದರೆ ಈ ಕಾಟಾದ ಮೇಲೆ ಒಂದು ಕೆಜಿ ಮೂವತ್ತು ಗ್ರಾಂ ಸುರಿಯಬೇಕು. ಹೆಚ್ಚು ಹೋಗುವುದು ಗಿರಾಕಿಯ ಕೈಗೆ! ಮೋಸದ ಕಾಟಾ ಹೆಚ್ಚು ತೋರಿಸುತ್ತದೆ, ಇದು ತದ್ವಿರುದ್ಧ. ಕಾಗದದ ಪೊಟ್ಟಣದ ತೂಕವನ್ನು ಗಿರಾಕಿಯ ತಲೆಗೆ ಕಟ್ಟಬಾರದೆಂದು ಅಪ್ಪನೇ ಹೀಗೆ ಮಾಡಿಸಿ, ನಾನು ಬರುವ ಮೊದಲು ಇದನ್ನೇ ಗಲ್ಲೆಯ ಮೇಲೆ ಇಟ್ಟಿರಬೇಕು. ಯಾರಿಗೂ ಹೇಳದೆ ಇಷ್ಟು ವರ್ಷ ಹೆಚ್ಚು ತೂಗಿ ಕೊಟ್ಟ ಮನುಷ್ಯನನ್ನು ಅರ್ಧ ಗಂಟೆ ಕಳ್ಳ ಎಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯೂ ಎಷ್ಟು ಹಿತವಾಗಿತ್ತು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನ ತಾಟಿಗೆ ಬದನೆಕಾಯಿ ಪಲ್ಯ ಬಡಿಸುತ್ತ ಎಲ್ಲವನ್ನೂ ಹೇಳಿದೆ. ಕದ್ದು ಶಿಗ್ಗಾಂವಿಗೆ ಹೋದದ್ದು, ಮೇಣ ಕರಗಿದ್ದು, ತುಣುಕು ಸಿಕ್ಕದ್ದು.

"ತಪ್ಪಾತ್ರಿ ಅಪ್ಪಾ. ಸ್ವಲ್ಪ ಹೊತ್ತು ನಿಮ್ಮ ಮ್ಯಾಲೆ ಅನುಮಾನ ಪಟ್ಟೆ. ಇಷ್ಟು ವರ್ಷ ಮಂದಿಗೆ ಹೆಚ್ಚಿಗಿ ತೂಗಿ ಕೊಟ್ಟು ಬಾಯಿ ಬಿಟ್ಟ ಹೇಳಿಲ್ಲಲ್ಲ ನೀವು."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಸುಮ್ಮನಿದ್ದುಬಿಟ್ಟಿದ್ದರೆ ನಾನು ಸಾಯುವವರೆಗೂ ಆ ನಂಬಿಕೆಯಲ್ಲೇ ಇರುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು.

"ಅದು ಮುಂದಿನ ಕಾಟಾ ಅಲ್ಲವಾ" ಎಂದರು. "ಹಿಂದಿನ ಕ್ವಾಣ್ಯಾಗ ಇರ್ತಿತ್ತು. ರೈತರ ಕಡಿಂದ ಶೇಂಗಾ, ಕಡ್ಲಿ ಕೊಳ್ಳಾಕ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಮಾರುವವನ ಕಾಟಾ ಕಡಿಮೆ ತೋರಿಸಿದರೆ ಧರ್ಮ. ಕೊಳ್ಳುವವನ ಕಾಟಾ ಕಡಿಮೆ ತೋರಿಸಿದರೆ? ಹುಟ್ಟಿದಾಗಿನಿಂದ ಕಾಟಾದ ಪಕ್ಕ ಬೆಳೆದವಳಿಗೆ ಅದು ಮೊದಲೇ ಹೊಳೆಯಬೇಕಿತ್ತು. ಹೊಳೆಯುವುದು ಬೇಡ ಎಂದು ನನ್ನ ಮನಸ್ಸೇ ತಡೆದಿರಬೇಕು.

"ಎಷ್ಟ ವರ್ಷ?"

"ತಂದಾಗಿಂದ. ನೀ ತಿರಗ ಬರೂ ಮೊದಲ ಸಂತಿ ಮಾಲು ತರಾಕ ಸುರು ಮಾಡಿದ್ವಿ ನೋಡು, ಅಲ್ಲೀತನಾ."

"ಯಾಕ್ರಿ ಅಪ್ಪಾ?"

"ಎಲ್ಲಾರೂ ಹಂಗ ಮಾಡ್ತಿದ್ರವಾ" ಎಂದು ಕೈ ತೊಳೆದುಕೊಂಡು ಎದ್ದರು. ತಾಟಿನಲ್ಲಿ ರೊಟ್ಟಿ ಹಾಗೆಯೇ ಉಳಿಯಿತು. ನನಗೆ ಅವರ ಮೇಲೆ ಸಿಟ್ಟು ಬಂತು, ಹೇಳಿದ್ದಕ್ಕೂ ಬಂತು, ಮಾಡಿದ್ದಕ್ಕೂ ಬಂತು.

ಆ ತುಣುಕನ್ನು ಕಿತ್ತು ಬಚ್ಚಲಿಗೆ ಎಸೆದೆ. ಕಾಟಾವನ್ನು ತೂಕ-ಅಳತೆ ಇಲಾಖೆಗೆ ಒಯ್ದು ಮುದ್ರೆ ಮಾಡಿಸಿಕೊಂಡು ಬಂದೆ, ಅಲ್ಲಿಯವರು ಕಲ್ಲು ಇಟ್ಟು ನೋಡಿ ಸರಿಯಿದೆ ಎಂದರು. ಬೆಸುಗೆ ಕಡ್ಡಿಯನ್ನು ಶಿಗ್ಗಾಂವಿಯವನಿಗೆ ಮರಳಿಸಿ ಬಂದೆ. ಈ ವರ್ಷ ಶೇಂಗಾ ರೈತರಿಂದಲೇ ಕೊಳ್ಳುತ್ತೇನೆ ಎಂದು ಅಪ್ಪನಿಗೆ ಕೇಳಿಸುವಂತೆ ಗಂಡನಿಗೆ ಹೇಳಿದೆ. ಒಂದಿಷ್ಟಾದರೂ ತಿರುಗಿ ಸರಿಹೋದೀತು ಎಂಬ ಆಸೆ.

ಮೊದಲು ಬಂದವಳು ಹುಲಗೂರಿನ ಒಬ್ಬ ಮುದುಕಿ. ಹಿಂದೆ ಪ್ರತಿ ಸುಗ್ಗಿಗೂ ನಮಗೇ ಕೊಡುತ್ತಿದ್ದವಳಂತೆ. ಸುಲಿದ ಶೇಂಗಾಕಾಳಿನ ಚೀಲವನ್ನು ಟಂಟಂ ರಿಕ್ಷಾದಿಂದ ಇಳಿಸಿಕೊಂಡು ಬಂದು, ಅಪ್ಪನಿಗೆ "ಆರಾಮದೀರೇನ್ರಿ ಸಾವಕಾರ?" ಎಂದಳು. ಅಪ್ಪ ತಲೆಯಾಡಿಸಿದರು. ಚೀಲ ಕಾಟಾದ ಮೇಲೆ ಕೂತಿತು. ಇಪ್ಪತ್ತೈದು ಕೆಜಿ, ಮೇಲೆ ನೂರು ಗ್ರಾಂ.

ಮುದುಕಿ ಅಂಕಿ ಓದಲು ಬಾರದೆ ನನ್ನನ್ನು ಕೇಳಿದಳು. ಹೇಳಿದೆ. ಅವಳ ಹುಬ್ಬು ಗಂಟಾಯಿತು.

"ಇನ್ನೊಮ್ಮೆ ನೋಡವಾ."

ಇಳಿಸಿ ಮತ್ತೆ ಇಟ್ಟೆ. ಅಷ್ಟೇ ಬಂತು.

"ನಿನ್ನ ಕಾಟಾ ಕೆಟ್ಟೈತಿ ತಂಗಿ. ನಾ ಮನ್ಯಾಗ ಸೇರಿನ್ಯಾಗ ಅಳದ ತುಂಬತೇನಿ, ಒಂದ ಚೀಲ, ಒಂದ ಲೆಕ್ಕ. ನಿಮ್ಮಲ್ಲಿ ಯಾವತ್ತೂ ಇಪ್ಪತ್ತೈದು ಮುಟ್ಟಿಲ್ಲ. ಇಪ್ಪತ್ನಾಕರ ಮ್ಯಾಲೆ ಸ್ವಲ್ಪ, ಅಷ್ಟ. ಹೆಚ್ಚ ತೋರಸಾಕತ್ತೈತಿ ಇದು, ನಿಮಗ ಲುಕ್ಸಾನ ಆಗ್ತೈತಿ. ಇಪ್ಪತ್ನಾಕು ಹಿಡಿ. ಇನ್ನೊಬ್ಬರದು ನನಗ ಬ್ಯಾಡ."

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಮಾತು ಸಾಕಿತ್ತು, ಕಾಟಾ ಈಗ ಸರಿಯಿದೆ, ಮೊದಲು ಸರಿ ಇರಲಿಲ್ಲ. ಹೇಳಲೆಂದು ಬಾಯಿ ತೆರೆದೆ. ಅಪ್ಪನ ನಡುಗುವ ಕೈ ಪೇಪರಿನ ಅಂಚನ್ನು ಗಟ್ಟಿಯಾಗಿ ಹಿಡಿದಿರುವುದು ಕಂಡಿತು.

"ಕಾಟಾ ಬರೋಬರಿ ಐತಿ, ಆಯಿ" ಎಂದೆ. "ಈ ವರ್ಷ ಮಳಿ ಚಲೋ ಆಗೈತಲ್ಲ, ಕಾಳು ತುಂಬ್ಯಾವ. ಅದಕ್ಕ ತೂಕ ಬಂದೈತಿ."

ಅವಳು ಚೀಲದಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡು, ಇದ್ದ ಹಲ್ಲುಗಳಲ್ಲಿ ಅಗಿದಳು. ಆಮೇಲೆ ನಕ್ಕು, ಪೇಪರಿನ ಕಡೆಗೊಮ್ಮೆ ಕೈಮುಗಿದು, ನನ್ನ ಕೈ ಹಿಡಿದುಕೊಂಡಳು.

"ಇದ್ದೀತವಾ. ಸಾವಕಾರ್ರ ಕಾಟಾದ ಮ್ಯಾಲೆ ಸುಮ್ಮನ ಅನುಮಾನ ಪಟ್ಟೆ. ತಪ್ಪ ತಿಳ್ಕೋಬ್ಯಾಡ."